ಗೋದಾಮಿನ ಕಾರಣಿಕ

“ಏಳಲೇ ಹಂದಿ. ಉಚ್ಚಿ ಹೊಯ್ಕಂಡು ಮಕ್ಕಣಾಕ ಇದೇನ್ ನಿಮ್ಮವ್ವನ ಮಡ್ಲು ಅನ್ಕಂಡಿಯೇನು?”

ಶಿವಯೋಗಪ್ಪ ಸಾಹುಕಾರ ಇದನ್ನು ಕೂಗಿ ಹೇಳಲಿಲ್ಲ. ಮೆಕ್ಕೆಜೋಳ ತಂದ ರೈತರು, ಲಾರಿ ಡ್ರೈವರುಗಳು, ನಾವು ಹಮಾಲರು, ಚಹಾದ ಅಂಜಿನಕ್ಕ, ಎಲ್ಲರಿಗೂ ಕೇಳುವಷ್ಟು ದನಿಯಲ್ಲಿ ಹೇಳಿ, ಚಪ್ಪಲಿ ಕಾಲಿನಿಂದ ಗಾದಿಲಿಂಗಪ್ಪನ ಕೆನ್ನೆಯನ್ನು ಒಂದು ಕಡೆಗೆ ಹೊರಳಿಸಿದ. ಹರಪನಹಳ್ಳಿಯ ಎಪಿಎಂಸಿ ಯಾರ್ಡಿನಲ್ಲಿ ಆಗ ಬೆಳಗಿನ ಎಂಟು ಗಂಟೆ. ರೈತರ ಕಾಳು ಮಾರಿಸಿಕೊಡುವ ಸಾಹುಕಾರನ ಅಡತಿ ಅಂಗಡಿಯ ಕಟ್ಟೆಯ ಮೇಲೆ ಖಾಲಿ ಚೀಲ ಹಾಸಿಕೊಂಡು ಮಲಗಿದ್ದ ಗಾದಿಲಿಂಗಪ್ಪ ಕಣ್ಣು ಬಿಟ್ಟ. ಪ್ಯಾಂಟು ಒದ್ದೆಯಾಗಿತ್ತು. ಕೆಲವರು ನಕ್ಕರು. ನಾನೂ ನಕ್ಕಿರಬೇಕು. ಹೆಗಲ ಮೇಲೆ ಚೀಲ ಇದ್ದಾಗ ಮುಖ ಏನು ಮಾಡುತ್ತಿದೆ ಎಂದು ಗೊತ್ತಾಗುವುದಿಲ್ಲ.

ಈ ಗಾದಿಲಿಂಗಪ್ಪ ಒಂದು ಕಾಲಕ್ಕೆ ಇದೇ ಅಂಗಡಿಯ ಹಮಾಲರಿಗೆಲ್ಲ ದೊಡ್ಡವನು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದಾಗ ನನ್ನ ಕೈಗೆ ಕೊಕ್ಕೆ ಕೊಟ್ಟು, ಚೀಲಕ್ಕೆ ಹೇಗೆ ಹಾಕಬೇಕು, ಹೇಗೆ ಎಳೆಯಬೇಕು ಎಂದು ಕಲಿಸಿದವನು. ಅವನಿಗೆ ಕುಡಿಯುವುದನ್ನು ಕಲಿಸಿದ್ದು ಅಂಗಡಿ. ಸೀಜನ್ನಿನಲ್ಲಿ ಹನ್ನೊಂದು ಗಂಟೆಗೆ ಗುಮಾಸ್ತ ಜಂಬುನಾಥ ಕೈಚೀಲದ ತುಂಬ ಪಾಕೀಟು ತರುತ್ತಿದ್ದ. ಒಬ್ಬೊಬ್ಬನಿಗೆ ಒಂದೊಂದು. ಕುಡಿದರೆ ನಡು ನೋವು ಗೊತ್ತಾಗುವುದಿಲ್ಲ, ಸಂಜೆಯೊಳಗೆ ಇನ್ನೊಂದು ಲಾರಿ ತುಂಬುತ್ತದೆ. ಈಗಲೂ ತರುತ್ತಾನೆ. ಹಾಗೆ ತುಂಬಿ ತುಂಬಿ ಒಂದು ದಿನ ಗಾದಿಲಿಂಗಪ್ಪ ಲಾರಿಗೆ ಹತ್ತುವ ಹಲಗೆಯ ಮೇಲಿಂದ ಚೀಲದ ಸಮೇತ ಬಿದ್ದ. ನಡು ಹೋಯಿತು. ಚೀಲ ನಿಂತಿತು, ಪಾಕೀಟು ನಿಲ್ಲಲಿಲ್ಲ. ಅಂಗಡಿಯ ಹಿಂದಿದ್ದ ಅವನ ತಗಡಿನ ಶೆಡ್ಡನ್ನು ಸಾಹುಕಾರ ಹೊಸ ಗೋದಾಮಿಗಾಗಿ ಕೀಳಿಸಿದ. ಹೆಂಡತಿ ಮಗಳನ್ನು ಕರಕೊಂಡು ಕೂಡ್ಲಿಗಿಗೆ ತವರಿಗೆ ಹೋದಳು. ಇವನು ಕಟ್ಟೆಗೆ ಬಂದ.

ಅವತ್ತು ಕೆನ್ನೆ ಹೊರಳಿಸಿದ ಮೇಲೆ ಸಾಹುಕಾರ ನಮ್ಮನ್ನೆಲ್ಲ ಕರೆದು ನಿಲ್ಲಿಸಿದ. ಇವನನ್ನು ಹೊಡೆದು ಓಡಿಸಿದರೆ ಇನ್ನೊಂದು ಅಂಗಡಿ ಮುಂದೆ ಬೀಳುತ್ತಾನೆ, ಊರಿಗೇ ಹೇಸಿಗೆ. ಅದಕ್ಕೆ ಮೈಲಾರಲಿಂಗನ ಭಂಡಾರ ಮುಟ್ಟಿಸಿ ಆಣೆ ಮಾಡಿಸೋಣ, ಐದು ದಿನ ಕೂಡಿ ಹಾಕೋಣ, ದೇವರೇ ಬಿಡಿಸುತ್ತಾನೆ ಎಂದ. ನಾವು ಹೂಂ ಅಂದೆವು. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಸಾಹುಕಾರ ಮೊದಲ ಸಲ ಒಳ್ಳೆಯದನ್ನು ಮಾತಾಡಿದ್ದ.

ಜಂಬುನಾಥ ಗಲ್ಲಾದ ಪಕ್ಕದಿಂದ ಭಂಡಾರದ ಡಬ್ಬಿ ತಂದ. ಗಾದಿಲಿಂಗಪ್ಪನ ಅಂಗೈಗೆ ಅರಿಶಿನ ಸುರಿದ. ಅದಿನ್ನೂ ಬೆಳಗು, ಒಂದು ಗುಟುಕೂ ಬಿದ್ದಿರಲಿಲ್ಲ, ಕೈ ಗಡಗಡ ನಡುಗಿ ಭಂಡಾರವೆಲ್ಲ ನೆಲಕ್ಕೆ ಚೆಲ್ಲಿತು. ದೇವರನ್ನು ನೆಲಕ್ಕೆ ಕೆಡವಿದ ಎಂದು ಜಂಬುನಾಥ ಕಪಾಳಕ್ಕೆ ಬಾರಿಸಿದ. ಇನ್ನೊಬ್ಬ ಒದ್ದ. ಎರಡನೇ ಸಲ ಚೆಲ್ಲದಂತೆ ಅವನ ಮುಂಗೈಯನ್ನು ಗಟ್ಟಿಯಾಗಿ ಹಿಡಿದವನು ನಾನು. ಆಗ ಅವನು ನನ್ನ ಕಿವಿಗೆ ಬಾಯಿ ತಂದು ಹೇಳಿದ.

“ಲೇ ಮೈಲಾರೇಶ, ಒಮ್ಮಿಗೇ ಬಿಡಸಬ್ಯಾಡ್ರಲೇ. ಹ್ವಾದ ವರ್ಷ ಎಳ್ಡು ದಿನ ಬಿಟ್ಟಿದ್ದೆ, ಫಿಟ್ಸ್ ಬಂದು ಬಿದ್ದಿದ್ದೆ. ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತೀನಿ. ನೀನಾರ ಹೇಳಲೇ.”

ಕುಡುಕರೆಲ್ಲ ಹೇಳುವ ಮಾತೇ ಅದು ಎಂದುಕೊಂಡೆ. ಹೇಳಲಿಲ್ಲ.

ನಾಲ್ಕು ಮಂದಿ ಎಳಕೊಂಡು ಹೋಗಿ ಅಂಗಡಿಯ ಹಿಂದಿನ ಆ ಹೊಸ ಗೋದಾಮಿಗೆ ದಬ್ಬಿದೆವು. ಜಂಬುನಾಥ ಕೀಲಿ ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡ.

ಮೊದಲ ದಿನ ಬೈಗುಳ ಕೇಳಿಸಿತು. ಸಾಹುಕಾರನ ವಂಶವನ್ನೆಲ್ಲ ಜಾಲಾಡಿದ. ಎರಡನೇ ದಿನ ಬಾಗಿಲು ಬಡಿಯುವ ಸದ್ದು, ಆಮೇಲೆ ತಲೆಯಿಂದ ಬಡಿಯುವ ಸದ್ದು. ಅದು ಬೇರೆ ಥರ ಇರುತ್ತದೆ, ಮೆತ್ತಗೆ. ಜಾಲರಿ ಕಿಟಕಿಯಿಂದ ಇಟ್ಟ ಅನ್ನವನ್ನು ಅವನು ಮುಟ್ಟಿರಲಿಲ್ಲ. ಕುಡಿತದ ಭೂತ ಹೊರಗೆ ಬರುತ್ತಿದೆ ಎಂದು ಸಾಹುಕಾರ ಎಲ್ಲರಿಗೂ ಹೇಳಿಕೊಂಡು ತಿರುಗಿದ. ನಾವು ಚೀಲ ಹೊತ್ತೆವು. ಹನ್ನೊಂದು ಗಂಟೆಗೆ ಪಾಕೀಟು ಬಂತು, ಕುಡಿದೆವು.

ಮೂರನೇ ದಿನ ಮಧ್ಯಾಹ್ನ ಗೋದಾಮಿನ ಮುಂದೆ ಜನ ಸೇರಿದ್ದು ನೋಡಿ ಓಡಿದೆ. ಬಾಗಿಲು ತೆರೆದಿತ್ತು. ಹೊಸ್ತಿಲ ಮೇಲೆ ತೆಂಗಿನಕಾಯಿ ಒಡೆದಿದ್ದರು. ಒಳಗೆ ಗಾದಿಲಿಂಗಪ್ಪ ಬರಿಮೈಯಲ್ಲಿ ನಿಂತಿದ್ದ. ಮೈಯೆಲ್ಲ ಬೆವರು, ಅದರ ಮೇಲೆ ಯಾರೋ ಭಂಡಾರ ಎರಚಿದ್ದರು. ಕಣ್ಣು ಕೆಂಡ. ಕೈಕಾಲು ಕುಣಿಯುತ್ತಿದ್ದವು. ಮೈಮೇಲಿಂದ ಏನನ್ನೋ ಕಿತ್ತು ಕಿತ್ತು ಎಸೆಯುತ್ತಿದ್ದ, ಎದೆಯ ಮೇಲೆ ಉಗುರಿನ ಗೆರೆ ಬಿದ್ದು ರಕ್ತ ಇಳಿದಿತ್ತು. ಜಂಬುನಾಥ ಅವನ ಕೊರಳಿಗೆ ಚೆಂಡು ಹೂವಿನ ಹಾರ ಹಾಕಿದ್ದ.

ದೇವರು ಬಂದಿದೆ ಎಂದು ಪಕ್ಕದವನು ನನ್ನ ಕಿವಿಯಲ್ಲಿ ಹೇಳಿ ಚಪ್ಪಲಿ ಬಿಡಿಸಿದ.

ಎರಡು ದಿನದ ಹಿಂದೆ ಅವನ ಕೆನ್ನೆ ತುಳಿದ ಶಿವಯೋಗಪ್ಪ ಈಗ ಕೈಮುಗಿದು ಮೊಣಕಾಲೂರಿ ಕೂತಿದ್ದ. ಅವನಿಗೊಂದೇ ಪ್ರಶ್ನೆ.

“ತಂದೀ, ಮಾಲು ತಡೀಲ್ಯಾ, ಈಗ್ಲೇ ಮಾರಿಬಿಡ್ಲ್ಯಾ? ಒಂದು ಮಾತು ನುಡೀಪಾ.”

“ಇಲಿ,” ಎಂದ ಗಾದಿಲಿಂಗಪ್ಪ. “ಇಲಿ ಬಂದ್ವಲೇ. ಚೀಲ ಹರದು ಹೊರಗ ಬಂದ್ವಲೇ. ಬಾಗ್ಲಾ ತೆಗೀರಲೇ ಸೂಳಿಮಕ್ಳಾ.”

ಜನ ಹೋ ಎಂದರು. ಮೈಲಾರದ ಜಾತ್ರೆಯಲ್ಲಿ ದೇವರ ನುಡಿಯಾಗಿ ಬರುವ ಕಾರಣಿಕವನ್ನು ಬಿಡಿಸುವ ಹಾಗೆ ಅರ್ಥ ಬಿಡಿಸತೊಡಗಿದರು. ಚೀಲ ಹರಿಯುತ್ತದೆ ಅಂದರೆ ಮಾಲು ಹೆಚ್ಚಾಗುತ್ತದೆ, ರೇಟು ಬೀಳುತ್ತದೆ ಎಂದು ಒಬ್ಬ. ಹೌದು, ಬಾಗಿಲು ತೆಗಿ ಅಂತಲೂ ಅಂದನಲ್ಲ, ಮಾರು ಅಂತಲೇ ಅದರ ಅರ್ಥ ಎಂದು ಇನ್ನೊಬ್ಬ. ಬಾಗಳಿಯಿಂದ ಬಂದ ರೈತನೊಬ್ಬ ಬೋರು ಯಾವ ಮೂಲೆಗೆ ಕೊರೆಸಲಿ ಎಂದು ಕೇಳಲು ಸಾಲಿನಲ್ಲಿ ನಿಂತಿದ್ದ. ಒಬ್ಬ ಹೆಂಗಸು ಕೂಸನ್ನು ಎತ್ತಿ ಅವನ ಕಾಲಿಗೆ ಮುಟ್ಟಿಸಿದಳು.

ಅವನ ನಾಲಿಗೆಯ ಬದಿ ಕಚ್ಚಿ ಹರಿದಿತ್ತು. ಒಂದು ಸಲ ಫಿಟ್ಸ್ ಆಗಲೇ ಬಂದು ಹೋಗಿತ್ತು ಎಂದು ಆಮೇಲೆ ತಿಳಿಯಿತು. ಅದನ್ನು ಅವರು ದೇವರು ಮೈಗೆ ಇಳಿದದ್ದು ಅಂದುಕೊಂಡಿದ್ದರು.

ಅಂಜಿನಕ್ಕ ಹಿಂದಿನಿಂದ ನನ್ನ ಅಂಗಿ ಹಿಡಿದು ಜಗ್ಗಿದಳು. ಅವಳು ಹದಿನೈದು ವರ್ಷದಿಂದ ಇಲ್ಲಿ ಚಹಾ ಮಾರುತ್ತಾಳೆ, ಯಾರಿಗೂ ಎದುರು ಮಾತಾಡಿದ್ದು ನಾನು ಕಂಡಿಲ್ಲ.

“ದ್ಯಾವ್ರಲ್ಲೋ ಇದು. ನನ ಗಂಡ ಹಿಂಗಾ ಸತ್ತಿದ್ದು. ನಾವೂ ಕಾಯಿ ಒಡದ್ವಿ. ಎತ್ಕಂಡು ಹೋಗೋ ದವಾಖಾನಿಗೆ, ನಿನ ಕಾಲಿಗೆ ಬೀಳ್ತೀನಿ.”

ಅಲ್ಲಿಯವರೆಗೆ ನನ್ನ ತಲೆಗೆ ಏನೂ ಹೊಳೆದಿರಲಿಲ್ಲ. ಆಣೆಯ ದಿನ ಗಾದಿಲಿಂಗಪ್ಪ ಕಿವಿಯಲ್ಲಿ ಹೇಳಿದ ಮಾತು ಆಗ ಕೇಳಿಸಿತು. ನಾನು ಜನರನ್ನು ತಳ್ಳಿಕೊಂಡು ಒಳಗೆ ಹೋಗಿ ಅವನ ಸೊಂಟಕ್ಕೆ ಕೈ ಹಾಕಿದೆ. ಕಾದ ತಗಡಿನಂತೆ ಮೈ ಸುಡುತ್ತಿತ್ತು.

“ದ್ಯಾವ್ರನ್ನ ಮುಟ್ತಿಯೇನಲೇ ಬೋಳಿಮಗನ,” ಎಂದು ಸಾಹುಕಾರ ಎದ್ದ. “ಕುಡದ ಬಾಯಿಲೆ ಒಳಗ ಬಂದಾನ, ಹೊಡೀರಲೇ.”

ನನ್ನ ಬಾಯಿ ವಾಸನೆ ಹೊಡೆಯುತ್ತಿದ್ದದ್ದು ನಿಜ. ಅವನದೇ ಪಾಕೀಟು. ಮೊದಲ ಏಟು ಬೆನ್ನಿಗೆ ಬಿತ್ತು, ತಕ್ಕಡಿಯ ಕಬ್ಬಿಣದ ಸಲಾಕೆಯಿಂದ. ಎರಡನೆಯದು ಕಿವಿಯ ಮೇಲೆ. ನನ್ನ ಜೊತೆ ಒಂದೇ ಹಲಗೆ ಹತ್ತುವ ಹಮಾಲರೇ ಹೊಡೆದರು. ನಾನು ಗಾದಿಲಿಂಗಪ್ಪನ ಮೇಲೆ ಬಿದ್ದೆ, ಅವನು ನನ್ನ ಭುಜ ಕಚ್ಚಿದ, ನನ್ನನ್ನೂ ಇಲಿ ಅಂದುಕೊಂಡಿದ್ದ. ಜಂಬುನಾಥ ನನ್ನ ಕೂದಲು ಹಿಡಿದು ಹಿಂದಕ್ಕೆ ಎಳೆದ. ಸೊಂಟದಲ್ಲಿದ್ದ ಕೊಕ್ಕೆ ನನ್ನ ಕೈಗೆ ಬಂತು. ಚೀಲಕ್ಕೆ ಹಾಕುವ ಹಾಗೆಯೇ ಹಾಕಿದೆ. ಜಂಬುನಾಥನ ಮುಂಗೈಗೆ ಸಿಕ್ಕಿತು. ಚೀಲ ಎಳೆಯುವ ಹಾಗೆಯೇ ಎಳೆದೆ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಬಿಚ್ಚಿಕೊಂಡಿತು. ಅವನು ಕಿರುಚಿದ ಸದ್ದಿಗೆ ಜನ ಗೋಡೆಗೆ ಸರಿದರು. ಕೊಕ್ಕೆಯನ್ನು ಸಾಹುಕಾರನ ಮುಖದ ಮುಂದೆ ಹಿಡಿದೆ. ಅವನು ದಾರಿ ಬಿಟ್ಟ.

ಕೊಕ್ಕೆ ಬಿಸಾಕಿ ಗಾದಿಲಿಂಗಪ್ಪನನ್ನು ಬೆನ್ನ ಮೇಲೆ ಹಾಕಿಕೊಂಡು ಓಡಿದೆ. ಅಂಜಿನಕ್ಕ ಸೀರೆ ಎತ್ತಿ ಕಟ್ಟಿ ಹಿಂದೆ ಓಡಿಬಂದಳು. ಆಟೋದವನೊಬ್ಬ ಭಂಡಾರ, ರಕ್ತ ನೋಡಿ ನಿಲ್ಲಿಸದೆ ಹೋದ. ಬಸ್‌ಸ್ಟ್ಯಾಂಡು ದಾಟುವಾಗ ಅವನ ಮೈ ಸ್ವಲ್ಪ ಸಡಿಲವಾಯಿತು. ಬುದ್ಧಿ ತಿಳಿದವನ ಥರ ಎಲ್ಲಿಗೆ ಕರಕೊಂಡು ಹೊರಟಿದ್ದೀಯ ಎಂದು ಕೇಳಿದ. ದವಾಖಾನೆಗೆ ಅಣ್ಣಾ ಎಂದೆ.

“ಅಲ್ಲಿ ಮಕ್ಕಣಾಕ ಬಿಡ್ತಾರೇನಲೇ?” ಎಂದ.

ಬಿಡ್ತಾರೆ ಎನ್ನುವಷ್ಟರಲ್ಲಿ ಅವನ ಮೈ ಹಲಗೆಯಂತೆ ಸೆಟೆಯಿತು. ಹಲ್ಲು ಕಟಕಟ ಎಂದವು. ನನ್ನ ಹೆಗಲ ಮೇಲೆ ಬಿಸಿಯಾಗಿ ರಕ್ತ ಸುರಿಯಿತು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗಲೂ ಕುಣಿಯುತ್ತಿದ್ದ. ಮಂಚದ ಮೇಲೆ ಇಳಿಸಿದಾಗ ಕುಣಿತ ನಿಂತಿತು.

ಡಾಕ್ಟರಮ್ಮ ಎದೆ ಒತ್ತಿದಳು, ಸೂಜಿ ಹಾಕಿದಳು, ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಕೈ ತೊಳೆದುಕೊಂಡು ಬಂದು ಜೀವ ಹೋಗಿದೆ ಎಂದಳು, ಎಷ್ಟು ದಿನದಿಂದ ಕುಡಿದಿರಲಿಲ್ಲ ಎಂದು ಕೇಳಿದಳು. ಹೇಳಿದೆ. ಕೂಡಿ ಹಾಕಿದ್ದನ್ನೂ, ಮುಂಗೈ ಹಿಡಿದವನು ನಾನೇ ಎಂಬುದನ್ನೂ ಹೇಳಿದೆ. ವರ್ಷಗಟ್ಟಲೆ ಕುಡಿದವನನ್ನು ಒಮ್ಮೆಗೇ ನಿಲ್ಲಿಸಿದರೆ ಹೀಗಾಗುತ್ತದೆ, ಕೈ ನಡುಗಿದ ದಿನವೇ ತಂದಿದ್ದರೆ ಔಷಧಿ ಇತ್ತು, ಒಂದು ವಾರ ಇಲ್ಲೇ ಮಲಗಿಸಿಕೊಳ್ಳುತ್ತಿದ್ದೆವು ಎಂದಳು. ಇದಕ್ಕೆ ಇಲ್ಲಿ ಮಂಚ ಇದೆ ಎಂದು ನನಗೆ ಗೊತ್ತಿರಲಿಲ್ಲ. ಯಾರ್ಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು, ಇದನ್ನು ಪೊಲೀಸ್ ಠಾಣೆಗೆ ಹೋಗಿ ಹೇಳು ಎಂದಳು.

ಹೊರಗೆ ಬಂದರೆ ಗೇಟಿನ ತುಂಬ ಜನ. ಸತ್ತ ಸುದ್ದಿ ತಿಳಿದು, ಮೆರವಣಿಗೆಗೆಂದು ಟ್ರ್ಯಾಕ್ಟರಿಗೆ ಬಾಳೆಕಂಬ ಕಟ್ಟಿ ತಂದಿದ್ದರು. ಡೊಳ್ಳಿನವರು ಬಂದಿದ್ದರು. ಶಿವಯೋಗಪ್ಪ ಹಣೆಗೆ ಭಂಡಾರ ಬಳಿದುಕೊಂಡು ಮುಂದೆ ನಿಂತಿದ್ದ. ಗೋದಾಮನ್ನು ಖಾಲಿ ಬಿಟ್ಟುಕೊಡುತ್ತೇನೆ, ಒಳಗೆ ಅಮೃತಶಿಲೆಯ ಗದ್ದುಗೆ ಕಟ್ಟಿಸುತ್ತೇನೆ ಎಂದು ಆಗಲೇ ಎಲ್ಲರೆದುರು ಮಾತು ಕೊಟ್ಟಿದ್ದ. ನನ್ನನ್ನು ಕಂಡು ಎರಡು ಹೆಜ್ಜೆ ಮುಂದೆ ಬಂದ. ಯಾವತ್ತೂ ಇಲ್ಲದ ಮೆತ್ತನೆಯ ದನಿ.

“ಕೈ ಹರದಿದ್ದಕ್ಕ ಜಂಬುನಾಥ ನಿನ ಮ್ಯಾಲ ಕಂಪ್ಲೇಂಟ್ ಕೊಟ್ಟಾನ. ನಾ ಹೇಳ್ತೀನಿ, ವಾಪಸ್ ತಗೊಂತಾನ. ಆತು ಹೋತು ಅದು. ನಿನ ಬೆನ್ನ ಮ್ಯಾಲ ಕುಂತು ಏನೋ ನುಡದಾನಂತಲ್ಲ, ಬಸ್‌ಸ್ಟ್ಯಾಂಡಿನಾಗ ಮಂದಿ ನೋಡ್ಯಾರ. ಕಡೀ ಮಾತು ಅದು, ಗೋಡಿ ಮ್ಯಾಲ ಬರಸ್ತೀನಿ. ಹೇಳಪಾ ಮೈಲಾರೇಶ. ಏನಂತು ದ್ಯಾವ್ರು?”

ಡೊಳ್ಳು ನಿಂತಿತು. ನಾಲ್ಕೈದು ಮಂದಿ ಫೋನು ಎತ್ತಿ ಹಿಡಿದರು. ಒಬ್ಬ ಮುದುಕಿ ನನ್ನ ಹೆಗಲಿನ ರಕ್ತವನ್ನು ಬೆರಳಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಇನ್ನೊಬ್ಬಳು.

ಅವಳ ಕೈ ತೆಗೆದು ಪಕ್ಕಕ್ಕೆ ಸರಿಸಿದೆ. ಠಾಣೆ ಎಡಕ್ಕೆ. ಹಿಂದಿನಿಂದ ಸಾಹುಕಾರ ಮತ್ತೆ ಕೇಳಿದ, ಏನಂತಪಾ, ಏನಂತು. ನಾನು ನಡೆದೆ.