ಎಲ್ಲರ ಎರಡನೆಯ ಆಸೆ

ನಮ್ಮ ಲಾಂಡ್ರಿಯ ಇಸ್ತ್ರಿ ಕೋಣೆಯಲ್ಲಿ ಹನ್ನೆರಡು ಹೆಂಗಸರು ನಿಂತು ಕೆಲಸ ಮಾಡುತ್ತಿದ್ದೆವು. ಎಲ್ಲರಿಗಿಂತ ಹಿರಿಯಳು ದೊಡ್ಡಕ್ಕ. ಇನ್ನೂ ದಿನವಿಡೀ ನಿಂತರೆ ಕಾಲು ಕೈಕೊಡುತ್ತದೆ ಎಂದು ಡಾಕ್ಟರು ಅವಳಿಗೆ ಖಡಾಖಂಡಿತವಾಗಿ ಹೇಳಿದ್ದರು. ಕೂತು ಇಸ್ತ್ರಿ ಮಾಡಲು ಎತ್ತರದ ಸ್ಟೂಲು ಬೇಕು, ಇಲ್ಲದಿದ್ದರೆ ಕೆಲಸ ಬಿಡಬೇಕು. ಈ ವಿಷಯವನ್ನು ಅವಳು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ನಮಗೆ ಗೊತ್ತಾದದ್ದು ಆಮೇಲೆ.

ಈ ವರ್ಷ ಕೋಣೆಗೆ ಒಂದೇ ಒಂದು ಅನುಕೂಲ ಮಾಡಿಕೊಡುತ್ತೇನೆ, ಏನೆಂದು ನೀವೇ ತೀರ್ಮಾನಿಸಿ ಎಂದರು ಯಜಮಾನರು. ಕೈ ಎತ್ತಿಸಿದರೆ ಜೋರು ಬಾಯಿಯವರದೇ ನಡೆಯುತ್ತದೆ. ಅದಕ್ಕೇ ಬಟ್ಟೆಗಂಟುಗಳಿಗೆ ಚೀಟಿ ಕಟ್ಟುವ ನಮ್ಮ ಚೀಟಮ್ಮ ಎಲ್ಲರ ಫೋನಿಗೂ ಒಂದು ಪ್ರಶ್ನೆ ಕಳಿಸಿದಳು. ಫ್ಯಾನು, ತಳ್ಳುಗಾಡಿ, ಹೊಸ ಇಸ್ತ್ರಿಪೆಟ್ಟಿಗೆ, ಎಲ್ಲರಿಗೂ ಎತ್ತರದ ಸ್ಟೂಲು; ಇವುಗಳಿಗೆ ಒಂದರಿಂದ ನಾಲ್ಕರವರೆಗೆ ಸ್ಥಾನ ಕೊಡಿ. ಮೊದಲು ಹತ್ತು ವಸ್ತು ಬರೆದಿದ್ದಳಂತೆ. ಅಷ್ಟನ್ನು ಜೋಡಿಸುವಷ್ಟರಲ್ಲಿ ನಮ್ಮ ತಲೆ ಕೆಡುತ್ತದೆಂದು ನಾಲ್ಕಕ್ಕೆ ಇಳಿಸಿದ್ದಳು.

ದೊಡ್ಡಕ್ಕನಿಗೆ ಅನುಮಾನ. “ನನ್ನ ಫೋನಲ್ಲಿ ಫ್ಯಾನು ಮೇಲಿದೆ, ಇವಳದ್ರಲ್ಲಿ ತಳ್ಳುಗಾಡಿ ಮೇಲಿದೆ. ಏನೇ, ನಮ್ಮ ಕಿವಿ ಮೇಲೆ ಹೂ ಇಡ್ತಿದ್ದೀಯಾ?”

“ಇಲ್ಲ ದೊಡ್ಡಕ್ಕ. ಮೇಲೆ ಕಂಡಿದ್ದನ್ನೇ ಒತ್ತಿ ಕೈ ತೊಳ್ಕೊಳ್ಳೋರು ಇರ್ತಾರೆ. ಅದಕ್ಕೇ ಒಂದೊಂದು ಫೋನಲ್ಲಿ ಒಂದೊಂದು ಥರ ಕಲಸಿ ಬರೋ ಹಾಗೆ ಮಾಡಿದ್ದೀನಿ. ಯಾರು ಏನು ಒತ್ತಿದ್ರು ಅಂತಾನೂ ಕಾಣಲ್ಲ.”

ದೊಡ್ಡಕ್ಕ ಗೋಡೆ ಕಡೆ ತಿರುಗಿ ಒತ್ತಿದಳು. “ನಂಗೆ ಬೇಕಾಗಿದ್ದಕ್ಕೆ ಪೂರ್ತಿ ನಾಲ್ಕು ಕೊಟ್ಟಿದ್ದೀನಿ.”

“ಅಯ್ಯೋ, ಇದು ಮಾರ್ಕ್ಸ್ ಅಲ್ಲ ಕಣಕ್ಕ, ರ‍್ಯಾಂಕು. ಒಂದು ಅಂದ್ರೆ ಎಲ್ಲಕ್ಕಿಂತ ಮುಂದೆ.” ಚೀಟಮ್ಮ ನಾಲಿಗೆ ಕಚ್ಚಿಕೊಂಡಳು. ತಪ್ಪು ಅವಳದೇ, ಅದನ್ನು ಪ್ರಶ್ನೆಯಲ್ಲೇ ಬರೆಯಬೇಕಿತ್ತು. ಬರೆದು, ಎಲ್ಲರಿಗೂ ಹೊಸದಾಗಿ ಕಳಿಸಿದಳು.

ಊಟದ ಹೊತ್ತಿಗೆ ಉತ್ತರಗಳು ಬಂದಿದ್ದವು. ಮೊದಲ ಸ್ಥಾನವನ್ನು ಫ್ಯಾನಿಗೆ ಕೊಟ್ಟವರು ಐವರು, ತಳ್ಳುಗಾಡಿಗೆ ನಾಲ್ವರು, ಇಸ್ತ್ರಿಪೆಟ್ಟಿಗೆಗೆ ಇಬ್ಬರು. ಸ್ಟೂಲಿಗೆ ಒಬ್ಬರೇ.

“ಫ್ಯಾನೇ ಬಂತು ಬಿಡು,” ಎಂದಳು ದೊಡ್ಡಕ್ಕ. ಅವಳ ಮುಖ ಸಪ್ಪಗಾಯಿತು.

“ತಡಿ. ಮೊದಲನೇದು ಮಾತ್ರ ನೋಡಿದ್ರೆ ಅರ್ಧಂಬರ್ಧ ಲೆಕ್ಕ. ಒಂದೊಂದಕ್ಕೂ ಹನ್ನೆರಡೂ ಜನ ಕೊಟ್ಟ ಸ್ಥಾನಗಳನ್ನ ಕೂಡಿಸ್ಬೇಕು. ಮೊತ್ತ ಕಡಿಮೆ ಆದಷ್ಟೂ ಮುಂದೆ.”

ಫ್ಯಾನಿಗೆ ಇಪ್ಪತ್ತೆಂಟು ಬಂತು. ತಳ್ಳುಗಾಡಿ, ಇಸ್ತ್ರಿಪೆಟ್ಟಿಗೆ ಮೂವತ್ತು ದಾಟಿದವು. ಸ್ಟೂಲಿಗೆ ಇಪ್ಪತ್ತಮೂರು.

ಚೀಟಮ್ಮನಿಗೇ ನಂಬಿಕೆ ಬರಲಿಲ್ಲ. ಒಂದೊಂದೇ ಉತ್ತರ ತೆಗೆದು ನೋಡಿದಳು. ಒಬ್ಬರನ್ನು ಬಿಟ್ಟು ಉಳಿದ ಹನ್ನೊಂದು ಜನವೂ ಸ್ಟೂಲನ್ನು ಎರಡನೆಯ ಸ್ಥಾನದಲ್ಲಿ ಇಟ್ಟಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಾನೂ ಎರಡನೆಯದಾಗಿ ಇಟ್ಟಿದ್ದೆ. ಕಾಲು ಸೆಳೆಯುವುದು ನನಗೊಬ್ಬಳಿಗೇ ಎಂದುಕೊಂಡಿದ್ದೆ, ಹೇಳಿದರೆ ಕೈಲಾಗದವಳು ಎಂದಾರೆಂಬ ಅಂಜಿಕೆ ಬೇರೆ. ಇಷ್ಟು ವರ್ಷ ಭುಜಕ್ಕೆ ಭುಜ ತಾಗಿಸಿ ನಿಂತು, ಹನ್ನೆರಡು ಜನರೂ ಒಂದೇ ನೋವನ್ನು ಬಚ್ಚಿಟ್ಟುಕೊಂಡಿದ್ದೆವು.

“ಆ ಒಬ್ಬಳು ನಾನೇ,” ಎಂದಳು ದೊಡ್ಡಕ್ಕ. ಆಗ ಡಾಕ್ಟರ ಮಾತನ್ನೂ ಹೇಳಿದಳು. ಈಗ ಅವಳು ಕೂತೇ ಇಸ್ತ್ರಿ ಮಾಡುತ್ತಾಳೆ, ನಾವೂ ಅಷ್ಟೇ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇಂಥ ಪ್ರಶ್ನೆ ಕಳಿಸುವವರು ನೀವಾದರೆ ಆಯ್ಕೆ ಕಡಿಮೆ ಇಡಿ, ಒಂದು ಎಂದರೇನೆಂದು ಬರೆಯಿರಿ, ಮೊದಲ ಸ್ಥಾನವನ್ನಷ್ಟೇ ನೋಡಿ ಗೆದ್ದದ್ದು ಯಾವುದೆಂದು ಸಾರಬೇಡಿ. ಉತ್ತರಿಸುವವರು ನೀವಾದರೆ ಮೊದಲನೆಯದನ್ನು ಒತ್ತಿ ಎದ್ದು ಹೋಗಬೇಡಿ, ಕೊನೆಯದರವರೆಗೂ ಜೋಡಿಸಿ. ನೀವು ಎರಡನೆಯದಾಗಿ ಇಟ್ಟದ್ದರಿಂದಲೇ ಪಕ್ಕದವಳ ಕೆಲಸ ಉಳಿಯಬಹುದು.