ಆರ್ವಿಡ್ ಇಲ್ಲದ ಶೆಡ್ಡು

ಲೈಲ್ ಮೂರನೇ ಸಲ ಕೀಲಿ ತಿರುಗಿಸಿದ. ಮಣ್ಣು ಅಗೆಯುವ ಯಂತ್ರ ಒಮ್ಮೆ ನರಳಿ ಸುಮ್ಮನಾಯಿತು.

"ನಿನ್ನೆ ಸಂಜೆ ಹೀಟರ್ ಹಾಕಿದ್ದು ಯಾರೋ?" ಕೆಳಗೆ ನಿಂತಿದ್ದ ಕರ್ಟಿಸ್ ಕೇಳಿದ.

"ನೀನು ಹಾಕಿರ್ತೀಯ ಅಂದ್ಕೊಂಡೆ."

"ಚೆನ್ನಾಯ್ತು. ನಾನು ನೀನು ಅಂದ್ಕೊಂಡೆ."

ಇಂಜಿನ್ ಬೆಚ್ಚಗಿಡುವ ಹೀಟರಿನ ತಂತಿ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ರಾತ್ರಿ ಸೊನ್ನೆಗಿಂತ ಮೂವತ್ತೈದು ಡಿಗ್ರಿ ಕೆಳಗಿಳಿದಿತ್ತು. ಇಂಥ ಚಳಿಯಲ್ಲಿ ಇಂಜಿನ್ ಎಣ್ಣೆ ಹಳೇ ತುಪ್ಪದಂತೆ ಗಟ್ಟಿಯಾಗುತ್ತದೆ. ಉತ್ತರ ಡಕೋಟದ ಈ ಪುಟ್ಟ ಊರಿನಲ್ಲಿ ಮೂವತ್ತೊಂದು ವರ್ಷ ಸಂಜೆ ಆರಕ್ಕೆ ಶೆಡ್ಡಿಗೆ ಬಂದು ಶಾಲೆ ಬಸ್ಸಿಗೂ ಹಿಮ ತಳ್ಳುವ ಗಾಡಿಗೂ ಈ ಯಂತ್ರಕ್ಕೂ ಹೀಟರ್ ಹಾಕುತ್ತಿದ್ದವನು ಆರ್ವಿಡ್. ಅವನು ಸತ್ತು ಮೂರು ದಿನವಾಗಿತ್ತು. ಕ್ರಿಸ್‌ಮಸ್ ರಜೆಯಾದ್ದರಿಂದ ಯಾರಿಗೂ ಗಾಡಿಯ ನೆನಪಾಗಲಿಲ್ಲ. ಈಗ ಅಗೆಯಬೇಕಾಗಿದ್ದುದು ಅವನದೇ ಗುಂಡಿ.

ಸಮಾಧಿಯ ಜಾಗದಲ್ಲಿ ಎರಡು ದಿನ ತಗಡಿನಡಿ ಕೆಂಡ ಹಾಕಿ ನೆಲ ಕರಗಿಸಿದ್ದರು. ಕೆಂಡ ಮುಗಿಯುತ್ತ ಬಂದಿತ್ತು. ಸಂಜೆಯೊಳಗೆ ಅಗೆಯದಿದ್ದರೆ ನೆಲ ಮತ್ತೆ ಕಲ್ಲು. ಶವಪೆಟ್ಟಿಗೆ ಹಿಮ ಕರಗುವ ಏಪ್ರಿಲ್‌ವರೆಗೆ ಸ್ಮಶಾನದ ಕಲ್ಲುಕೋಣೆಯಲ್ಲೇ ಇರಬೇಕು.

"ಸೋಲ್ವೈಗ್‌ಗೆ ಹೇಳೋದು ಯಾರು?" ಲೈಲ್ ಕೇಳಿದ.

"ಪಕ್ಕದ ಮನೆಯವನು ನೀನು. ನೀನೇ ಅನುಭವಿಸು."

ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಕಾಫಿ ಕಾಯಿಸುತ್ತಿದ್ದರು. ಲೈಲ್ ಟೋಪಿ ಕೈಯಲ್ಲಿ ಹಿಡಿದು ಆರ್ವಿಡ್‌ನ ಹೆಂಡತಿ ಸೋಲ್ವೈಗ್‌ಳ ಎದುರು ನಿಂತು ವಿಷಯ ಒಪ್ಪಿಸಿದ.

"ಏಪ್ರಿಲ್ಲಿಗೆ ಮಣ್ಣು ಮಾಡಿದರೂ ತಪ್ಪಿಲ್ಲಮ್ಮ," ಎಂದರು ಪಾದ್ರಿ.

"ಆ ಕೋಣೇಲಿ ಅವರನ್ನ ಬಿಡಲ್ಲ," ಎಂದಳು ಸೋಲ್ವೈಗ್. "ಈಗ ಹೀಟರ್ ಹಾಕಿದ್ರೆ ಎಷ್ಟು ಹೊತ್ತು?"

"ನಾಲ್ಕು ತಾಸು ಬೇಕು. ಆಮೇಲೂ ಹೊರಡುತ್ತೆ ಅಂತ ಹೇಳಕ್ಕಾಗಲ್ಲ."

"ಕಾಯ್ತೀನಿ. ಆ ಗಂಡಸು ನನಗೆ ಕಲಿಸಿದ್ದು ಅದೊಂದೇ."

ಹೆಂಗಸರಲ್ಲಿ ಯಾರೋ ನಕ್ಕು, ಬಾಯಿ ಮುಚ್ಚಿಕೊಂಡರು.

*

ವರ್ಷಗಳ ಹಿಂದೆ, ಅವರಿಬ್ಬರ ಮದುವೆಯ ಇಪ್ಪತ್ತೈದನೇ ವರ್ಷದ ಊಟ. ನೆಂಟರೆಲ್ಲ ಮೇಜಿನ ಸುತ್ತ ಕೂತಿದ್ದರು. ಗಂಟೆ ಆರಾಗುತ್ತಲೇ ಆರ್ವಿಡ್ ತಟ್ಟೆ ಬಿಟ್ಟು ಎದ್ದು ಕೋಟು ಹಾಕಿಕೊಂಡ.

"ಆ ಇಂಜಿನ್ನನ್ನೇ ಕಟ್ಕೋಬೇಕಿತ್ತು ನೀವು!" ಎಲ್ಲರೆದುರೇ ಅಂದಿದ್ದಳು ಸೋಲ್ವೈಗ್.

"ಬೆಳಿಗ್ಗೆ ಮಕ್ಕಳು ರಸ್ತೇಲಿ ಬಸ್ಸಿಗೆ ನಿಂತಿರ್ತಾವೆ ಕಣೆ," ಎಂದ ಅವನು. ಬಾಗಿಲಲ್ಲಿ ಒಂದು ಗಳಿಗೆ ನಿಂತು, "ನೀನೂ ಬರ್ತೀಯಾ? ಹತ್ತು ನಿಮಿಷ," ಎಂದ.

ಅವಳು ಮುಖ ತಿರುಗಿಸಿದಳು. ಆಮೇಲೆ ಅವನು ಮತ್ತೆ ಕರೆಯಲಿಲ್ಲ.

*

ಹೀಟರ್ ಹಾಕಿ ನಾಲ್ಕು ತಾಸಾಗಿತ್ತು. ಮಧ್ಯಾಹ್ನ ಒಂದು ಗಂಟೆಗೆ ಸೋಲ್ವೈಗ್ ಯಾರ ತೋಳನ್ನೂ ಹಿಡಿಯದೆ ಶೆಡ್ಡಿಗೆ ನಡೆದು ಬಂದಳು.

"ಇಲ್ಲಿ ಕೊರೆಯುತ್ತೆ, ನೀವ್ಯಾಕೆ ಬಂದ್ರಿ?" ಎಂದ ಕರ್ಟಿಸ್.

"ಅವತ್ತೇ ಬರಬೇಕಿತ್ತು," ಎಂದಳು. "ತಿರುಗಿಸು ಲೈಲ್."

ಇಂಜಿನ್ ಕೆಮ್ಮಿತು, ನಿಂತಿತು. ಕರ್ಟಿಸ್ ಕಣ್ಣು ಮುಚ್ಚಿಕೊಂಡ. ಎರಡನೇ ಸಲ ಬಿಳಿ ಹೊಗೆ ಉಗುಳಿ, ಇಡೀ ಶೆಡ್ಡು ನಡುಗುವಂತೆ ಹೊತ್ತಿಕೊಂಡಿತು. ಕರ್ಟಿಸ್ ತಂತಿ ಕೀಳಲು ಬಾಗಿದಾಗ ಸೋಲ್ವೈಗ್ ಅವನನ್ನು ತಡೆದು ತಾನೇ ಎಳೆದಳು.

ಯಂತ್ರ ಬಾಗಿಲು ದಾಟಿ ಸ್ಮಶಾನದತ್ತ ತಿರುಗಿತು. ಅವಳು ಕೈಗವಸು ಕಳಚಿ, ಇನ್ನೂ ಬೆಚ್ಚಗಿದ್ದ ಹೀಟರ್ ತಂತಿಯ ಪ್ಲಗ್ಗನ್ನು ಬರಿಗೈಯಲ್ಲಿ ಮುಚ್ಚಿ ಹಿಡಿದು, ಅದು ತಣ್ಣಗಾಗುವವರೆಗೂ ಅಲ್ಲೇ ನಿಂತಿದ್ದಳು.