ಕೊಲ್ಲೋ ಸೀನಿಗೆ ವನ್ಸ್‌ಮೋರ್

“ಸತ್ತಾಕಿ ಮತ್ತ ಎದ್ದು ಹೆಂಗ ಸಾಯ್ತಾಳಲೇ, ಮಾನಗೇಡಿ?” ನಾಟಕದ ಮಾಸ್ತರ ದುರಗಪ್ಪ ಹಾರ್ಮೋನಿಯಂ ಮುಚ್ಚಿ ಎದ್ದ.

“ಮಂದಿ ವನ್ಸ್‌ಮೋರ್ ಅಂದ್ರ ಸಾಯಬೇಕ್ರಿ ಮಾಸ್ತರ,” ಎಂದ ಹುಲಗಪ್ಪ. ಅವನದು ಹೆಂಡತಿಯ ಕುತ್ತಿಗೆ ಹಿಸುಕಿ ಕೊಲ್ಲುವ ಗಂಡನ ಪಾರ್ಟು. “ಹಾಡಿಗಿ ಕೊಡ್ತೀರಿ, ಕೊಲಿಗ್ಯಾಕ ಕೊಡಂಗಿಲ್ಲ?”

ದೋರನಹಳ್ಳಿಯ ಸಮುದಾಯ ಭವನದಲ್ಲಿ ಸಂಜೆಯ ತಾಲೀಮು ನಡೆದಿತ್ತು. ಹೆಂಡತಿಯ ಪಾರ್ಟಿನ ಕಲಾವಿದೆ ನಾಟಕದ ದಿನವಷ್ಟೇ ಸುರಪುರದಿಂದ ಬರುವವಳು. ಅಲ್ಲಿಯವರೆಗೆ ಅವಳ ಜಾಗಕ್ಕೆ ಮೀಸೆಯ ಬೀರಣ್ಣ. ಟವೆಲ್ಲನ್ನು ಸೆರಗಿನಂತೆ ಹೊದ್ದು ಅವನು ನೆಲದ ಮೇಲೆ ಕಾಲು ಬಡಿದರೆ, ಕಿಟಕಿಗೆ ಜೋತುಬಿದ್ದ ಊರೆಲ್ಲ ಸಿಳ್ಳೆ ಹೊಡೆಯುತ್ತಿತ್ತು. ಹಿಂದಿನ ಸೀನಿನಲ್ಲಿ ಆ ಹೆಂಡತಿ, ತವರಿಗೆ ಕಳಿಸು ಎಂದು ಕೈಮುಗಿದಾಗ ಇದೇ ಮಂದಿ ಚಹಾಕ್ಕೆ ಹೋಗಿದ್ದರು.

ದುರಗಪ್ಪ ರೇಗಿದ್ದು ಅದಕ್ಕೇ. ಈ ಕೊಲೆ ನೋಡಿ ಒಬ್ಬನಾದರೂ ತಲೆ ತಗ್ಗಿಸಲಿ ಎಂದೇ ಅವನು ನಾಟಕ ಬರೆದಿದ್ದ.

“ಇದರಾಗ ಸಿಳ್ಳಿ ಹೊಡಿಯೋದೇನದಲೇ?”

“ಸುಳ್ಳಂತ ಗೊತ್ತದಲ್ರಿ,” ಬೀರಣ್ಣ ನೆಲದ ಮೇಲಿಂದಲೇ ಹೇಳಿದ. “ಎದಿ ಝಲ್ ಅಂತದ, ಆದ್ರ ಅವರಿಗೇನೂ ಆಗಂಗಿಲ್ಲ. ಅದೇ ಮಜಾ. ಜೀವ ಹೋಗೋದು ನಂದು.”

“ಸುಳ್ಳಲ್ಲ.” ದುರಗಪ್ಪನ ದನಿ ಇಳಿಯಿತು. “ನಮ್ಮಕ್ಕ ಮರಿಲಿಂಗಮ್ಮ ಹಿಂಗೇ ಸತ್ತಳು. ಆಕಿ ಗಂಡ ಕುತಗಿ ಹಿಸುಕಾಕತ್ತಿದ್ದ, ಓಣಿ ಮಂದಿ ಬಾಗಿಲದಾಗ ನಿಂತು ನೋಡಾಕತ್ತಿದ್ರು. ಒಬ್ಬಾಂವ ಒಳಗ ಹೋಗಲಿಲ್ಲ.”

ಕಿಟಕಿಯಲ್ಲಿ ಸಿಳ್ಳೆ ನಿಂತಿತು. ಬೀರಣ್ಣ ಟವೆಲ್ಲು ತೆಗೆದು ಎದ್ದು ಕುಳಿತ. ಅಂತೂ ಇವರಿಗೆ ನಾಟಿತು ಎಂದುಕೊಂಡ ದುರಗಪ್ಪ.

ಹುಲಗಪ್ಪ ಹತ್ತಿರ ಬಂದು ಅವನ ಕೈ ಹಿಡಿದ. “ಮೊದಲ ಹೇಳಬಾರದೇನ್ರಿ ಮಾಸ್ತರ? ಅವ ಒಂದೇ ಕೈಲೆ ಹಿಡಿದಿದ್ದನೋ, ಎರಡೂ ಕೈಲೆನೋ? ಆಕಿ ಒದರಿದಳೇನು?”

ಕಿಟಕಿಯ ಮಂದಿ ಇನ್ನಷ್ಟು ಒಳಗೆ ಬಾಗಿದರು. “ಸ್ವಲ್ಪ ಗಟ್ಟಿ ಹೇಳ್ರಿ, ಹಿಂದಿನವರಿಗಿ ಕೇಳವಲ್ದು,” ಎಂದರು ಯಾರೋ.

ಹುಲಗಪ್ಪನ ಮುಖದಲ್ಲಿ ಕುಚೋದ್ಯವಿರಲಿಲ್ಲ. ಇದ್ದಿದ್ದರೆ ದುರಗಪ್ಪ ಕಪಾಳಕ್ಕೆ ಎರಡು ಬಾರಿಸಿ ತಾಲೀಮು ಮುಂದುವರಿಸುತ್ತಿದ್ದ. ಅಲ್ಲಿದ್ದದ್ದು ಪಾರ್ಟು ಚೆನ್ನಾಗಿ ಮಾಡಬೇಕೆಂಬ ಆಸೆ. ಅಕ್ಕನ ಸಾವನ್ನು ತಾನೇ ತಂದು ಇವರ ಬಾಯಿಗೆ ಹಾಕಿದೆನಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಕೈ ಕೊಸರಿಕೊಂಡು ಚಪ್ಪಲಿ ಮೆಟ್ಟಿದ.

“ಮಾಸ್ತರ, ಸೀನು ಅರ್ಧಕ್ಕ ನಿಂತದ್ರಿ,” ಎಂದು ಹುಲಗಪ್ಪ ಹಿಂದಿನಿಂದ ಕೂಗಿದ.

ಅವನು ತಿರುಗಿ ನೋಡದೆ ಶಹಾಪುರಕ್ಕೆ ಹೋಗುವ ಟಂಟಂ ಆಟೊ ಹತ್ತಿದ. ಮರುದಿನ ತಾಲೀಮಿಗೆ ಬರಲಿಲ್ಲ. ನಾಟಕದ ದಿನವೂ ಬರಲಿಲ್ಲ.